ಸರ್ಕಾರದ ದುಡ್ಡಿನ ಪ್ರಿಸ್ಕೂಲ್: ಶಾಲೆಯೇ ನಡೆಸಬೇಕೋ, ಖಾಸಗಿ ಸೆಂಟರಿಗೆ ಕೊಡಬೇಕೋ?

ಅಮೆರಿಕದ ನ್ಯೂಜೆರ್ಸಿಯ ನಿಮ್ಮ ಊರಿನ ಸ್ಕೂಲ್ ಡಿಸ್ಟ್ರಿಕ್ಟಿಗೆ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ರಾಜ್ಯದ ಪ್ರಿಸ್ಕೂಲ್ ಅನುದಾನ ಬಂದಿದೆ. ಸಲಹಾ ಸಮಿತಿಯಲ್ಲಿರುವ ನಿಮಗೆ "ಸರ್ಕಾರಿ ಶಾಲೆ ಮೇಲೋ, ಖಾಸಗಿ ಸೆಂಟರ್ ಮೇಲೋ, ನೋಡಿ ವರದಿ ಕೊಡಿ" ಎಂದಿದ್ದಾರೆ. ಇದೇ ಪ್ರಶ್ನೆ, ಹೆಚ್ಚುಕಡಿಮೆ ಇದೇ ಮಾತಿನಲ್ಲಿ, ಒಮ್ಮೆ ನನ್ನ ಮುಂದೆಯೂ ಬಂದಿತ್ತು. ಹಾಗಾಗಿ ನೇರವಾಗಿ ಹೇಳುತ್ತೇನೆ: ಪ್ರಶ್ನೆಯೇ ಸರಿಯಿಲ್ಲ. ಇದಕ್ಕೆ ಉತ್ತರ ನಿಮ್ಮ ರಾಜ್ಯದ ಇತಿಹಾಸದಲ್ಲೇ ಇದೆ.

1998ರಲ್ಲಿ ಅಬಟ್ ವಿರುದ್ಧ ಬರ್ಕ್ ಮೊಕದ್ದಮೆಯಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟು, ಅತಿ ಬಡ ಡಿಸ್ಟ್ರಿಕ್ಟುಗಳ 3 ಮತ್ತು 4 ವರ್ಷದ ಮಕ್ಕಳಿಗೆಲ್ಲ ಪ್ರಿಸ್ಕೂಲ್ ಒದಗಿಸಬೇಕೆಂದು ಆದೇಶ ಮಾಡಿತು. ಮೊದಲು 28 ಡಿಸ್ಟ್ರಿಕ್ಟು, ಆಮೇಲೆ 31. ನ್ಯೂವಾರ್ಕ್, ಕ್ಯಾಮ್ಡನ್, ಪ್ಯಾಟರ್ಸನ್, ಜೆರ್ಸಿ ಸಿಟಿಯಂಥ ಊರುಗಳು. ಶಾಲೆಗಳಲ್ಲಿ ಅಷ್ಟೊಂದು ಕೋಣೆಗಳಿರಲಿಲ್ಲ. ಆದರೆ ಅದೇ ಬೀದಿಗಳಲ್ಲಿ ಡೇ-ಕೇರ್ ಸೆಂಟರುಗಳಿದ್ದವು, ಬಡ ಮಕ್ಕಳಿಗಾಗಿ ಕೇಂದ್ರ ಸರ್ಕಾರದ ಹಣದಲ್ಲಿ ನಡೆಯುವ ಹೆಡ್ ಸ್ಟಾರ್ಟ್ ಪ್ರಿಸ್ಕೂಲ್ ಇತ್ತು. ಡಿಸ್ಟ್ರಿಕ್ಟುಗಳು ಅವರ ಜೊತೆ ಕರಾರು ಮಾಡಿಕೊಂಡವು.

ಮೊದಲ ವರ್ಷಗಳಲ್ಲಿ ಬದಲಾದದ್ದು ಹೆಸರೊಂದೇ. ಹಿಂದಿನ ಡೇ-ಕೇರ್ ಹಾಗೇ ಮುಂದುವರಿಯಿತು. ಲೈಸೆನ್ಸ್ ಇದೆಯಲ್ಲ, ಸಾಕು ಎಂದು ರಾಜ್ಯ ಸುಮ್ಮನಿತ್ತು. ಲೈಸೆನ್ಸ್ ನೋಡುವುದು ಬೆಂಕಿ ಆರಿಸುವ ಸಾಧನ, ಶೌಚಾಲಯ, ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರು ಎಂಬುದನ್ನು. ಪಾಠ ಹೇಗೆ ನಡೆಯುತ್ತದೆ ಎಂದು ಅದು ಕೇಳುವುದಿಲ್ಲ. 2000ದಲ್ಲಿ ಮೊಕದ್ದಮೆ ಮತ್ತೆ ಕೋರ್ಟಿಗೆ ಬಂತು, ಇದು ನಾವು ಹೇಳಿದ ಪ್ರಿಸ್ಕೂಲ್ ಅಲ್ಲ ಎಂದಿತು ಕೋರ್ಟು. ಒಂದು ತರಗತಿಗೆ 15ಕ್ಕಿಂತ ಹೆಚ್ಚು ಮಕ್ಕಳಿರಬಾರದು, ಜೊತೆಗೆ ಸರ್ಟಿಫಿಕೇಟ್ ಇರುವ ಟೀಚರ್ ಇರಬೇಕು. ಪದವಿ ಇಲ್ಲದ ಟೀಚರುಗಳಿಗೆ 2004ರ ಸೆಪ್ಟೆಂಬರ್‌ವರೆಗೆ ಗಡುವು ಸಿಕ್ಕಿತು. ರಾಜ್ಯ ಅವರ ಕಾಲೇಜು ಫೀಸಿಗೆ ಸ್ಕಾಲರ್‌ಶಿಪ್ ಕೊಟ್ಟಿತು, ಪ್ರಿಸ್ಕೂಲಿನಿಂದ ಮೂರನೇ ತರಗತಿವರೆಗಿನ ಪಿ-3 ಸರ್ಟಿಫಿಕೇಟ್ ಬಂತು, ಸೆಂಟರಿನ ಟೀಚರ್ ಸಂಬಳವನ್ನು ಡಿಸ್ಟ್ರಿಕ್ಟ್ ಟೀಚರ್ ಸಂಬಳದ ಮಟ್ಟಕ್ಕೆ ತಂದರು.

ಪರಿಣಾಮ ನೋಡಿ. 1999–2000ರ ಸುಮಾರಿಗೆ ತರಗತಿಗಳನ್ನು ಇಕರ್ಸ್ ಮಾಪನದಲ್ಲಿ ಅಳೆದಾಗ ಬಹುಪಾಲು ತರಗತಿಗಳು "ಒಳ್ಳೆಯದು" ಎನ್ನುವ ಗೆರೆ ಮುಟ್ಟಿರಲಿಲ್ಲ. (ಇಕರ್ಸ್ ಎಂದರೆ ತರಗತಿಯ ಗುಣಮಟ್ಟ ಅಳೆಯುವ 1ರಿಂದ 7ರ ಮಾಪನ. 3 ಎಂದರೆ ಕನಿಷ್ಠ, 5 ಎಂದರೆ ಒಳ್ಳೆಯದು.) 2007–08ರ ಹೊತ್ತಿಗೆ ಬಹುಪಾಲು ತರಗತಿಗಳು ಆ ಗೆರೆ ದಾಟಿದ್ದವು, ಶಾಲೆಗೂ ಸೆಂಟರಿಗೂ ಹೇಳಿಕೊಳ್ಳುವಂಥ ಅಂತರ ಉಳಿದಿರಲಿಲ್ಲ. ಆ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸೆಂಟರುಗಳಲ್ಲಿ ಮತ್ತು ಹೆಡ್ ಸ್ಟಾರ್ಟಿನಲ್ಲಿದ್ದರು ಎಂಬುದನ್ನು ನೆನಪಿಡಿ. ಸೆಂಟರುಗಳು ಆಗಲೂ ಖಾಸಗಿ, ಈಗಲೂ ಖಾಸಗಿ. ಅವಕ್ಕೆ ಕೊಟ್ಟ ಹಣ, ಟೀಚರ್, ಬೆಂಬಲ ಇವಷ್ಟೇ ಬದಲಾಗಿದ್ದವು.

ಇಂಥ ವರದಿಗಳನ್ನು ಕೆಡಿಸುವ ತಪ್ಪು ಒಂದೇ. ಅದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಸಮಿತಿಯೂ ಅದನ್ನೇ ಮಾಡುವ ಸಂಭವ ಹೆಚ್ಚು. ಜೂನ್ ತಿಂಗಳಲ್ಲಿ ಎಲ್ಲ ತರಗತಿಗಳ ಅಂಕ ತೆಗೆದು, ಶಾಲೆಯವು ಒಂದು ಕಡೆ, ಸೆಂಟರಿನವು ಇನ್ನೊಂದು ಕಡೆ ಇಟ್ಟು, ಎರಡು ಸರಾಸರಿ ಬರೆದು, ಯಾವುದು ಹೆಚ್ಚೋ ಅದು ಮೇಲು ಎನ್ನುವುದು. ಹಸಿದವನನ್ನೂ ಉಂಡವನನ್ನೂ ಒಂದೇ ಓಟಕ್ಕೆ ಬಿಟ್ಟು, ಗೆದ್ದವನ ಕಾಲು ಗಟ್ಟಿ ಎಂದ ಹಾಗೆ.

ಈ ಸರಾಸರಿಯೊಳಗೆ ಏನೇನು ಅಡಗಿರುತ್ತದೆ? ಮೊದಲನೆಯದು ಮಕ್ಕಳು. ಶಾಲೆಯ ಪ್ರಿಸ್ಕೂಲ್ ದಿನಕ್ಕೆ 6 ಗಂಟೆ, ವರ್ಷಕ್ಕೆ 180 ದಿನ. ಬೆಳಿಗ್ಗೆ ಏಳಕ್ಕೆ ಶಿಫ್ಟಿಗೆ ಹೋಗುವ ತಾಯಿಗೆ ಅದು ಸಾಲದು. ಅವಳು ಸಂಜೆವರೆಗೂ, ಬೇಸಿಗೆಯಲ್ಲೂ ತೆರೆದಿರುವ ಸೆಂಟರನ್ನೇ ಹುಡುಕುತ್ತಾಳೆ. ಮಧ್ಯಾಹ್ನ ಮನೆಯಲ್ಲಿ ಅಜ್ಜಿಯೋ ಅಪ್ಪನೋ ಇರುವ ಮಗು ಶಾಲೆಗೆ ಬರುತ್ತದೆ. ಹಾಗಾಗಿ ಸೆಪ್ಟೆಂಬರಿನಲ್ಲೇ ಎರಡು ಕಡೆಯ ಮಕ್ಕಳು ಬೇರೆ ಬೇರೆ. ಜೂನ್ ಅಂಕ ನೋಡಿದರೆ ನೀವು ಅಳೆಯುತ್ತಿರುವುದು ಮನೆಗಳನ್ನು. ಸೆಪ್ಟೆಂಬರ್–ಅಕ್ಟೋಬರಿನ ಅಂಕ, ಮೇ ತಿಂಗಳ ಅಂಕ ಎರಡೂ ಬೇಕು, ನಡುವಿನ ಏರಿಕೆಯನ್ನು ಹೋಲಿಸಬೇಕು.

ಆ ಅಂಕ ಎಲ್ಲಿಂದ ಬಂತು ಎಂಬುದೂ ಮುಖ್ಯ. ಟೀಚಿಂಗ್ ಸ್ಟ್ರಾಟಜೀಸ್ ಗೋಲ್ಡ್‌ನಂಥ ಪದ್ಧತಿಯಲ್ಲಿ ತರಗತಿಯ ಟೀಚರೇ ತನ್ನ ಮಕ್ಕಳನ್ನು ನೋಡಿ ಗುರುತು ಹಾಕುತ್ತಾರೆ. ನಾಳೆಯ ಪಾಠ ಯೋಜಿಸಲು ಅದು ಒಳ್ಳೆಯದು, ಎರಡು ಸಂಸ್ಥೆಗಳನ್ನು ಹೋಲಿಸಲು ಆಗುವುದಿಲ್ಲ. ಒಬ್ಬ ಟೀಚರ್ ಬಿಗಿ, ಇನ್ನೊಬ್ಬರು ಉದಾರಿ. ವರ್ಷದ ಮಧ್ಯೆ ಟೀಚರ್ ಬದಲಾದರೆ ಹೊಸಬರು ಎಲ್ಲ ಮಕ್ಕಳಿಗೂ ಕಡಿಮೆ ಗುರುತು ಹಾಕಬಹುದು. ಹೋಲಿಕೆಗೆ ಹೊರಗಿನವರು ಮಗುವಿನ ಜೊತೆ ಕೂತು ಮಾಡುವ ನೇರ ಪರೀಕ್ಷೆ ಬೇಕು. ಎಲ್ಲ ಮಕ್ಕಳಿಗೂ ಬೇಡ, ಪ್ರತಿ ತರಗತಿಯಿಂದ ಚೀಟಿ ಎತ್ತಿ ಆರಿಸಿದ ಕೆಲವರು ಸಾಕು. ನಮ್ಮವರಿಗೆ ಗೊತ್ತಿರಬೇಕಾದ ಮಾತೊಂದು: ಮನೆಯಲ್ಲಿ ಕನ್ನಡವನ್ನೇ ಕೇಳಿ ಬೆಳೆದ ಮೂರು ವರ್ಷದ ಮಗುವಿಗೆ ಚಿತ್ರ ತೋರಿಸಿ ಇಂಗ್ಲಿಷ್ ಪದ ಕೇಳಿದರೆ ಸೆಪ್ಟೆಂಬರಿನಲ್ಲಿ ಅಂಕ ಕಡಿಮೆ ಬಂದೇ ಬರುತ್ತದೆ. ಅದು ಮಗುವಿನ ಬುದ್ಧಿಯ ಅಳತೆ ಅಲ್ಲ. ಮನೆಭಾಷೆಯ ಸರ್ವೆ ಡಿಸ್ಟ್ರಿಕ್ಟಿನ ಬಳಿ ಇರುತ್ತದೆ, ಅದನ್ನು ಪಕ್ಕದಲ್ಲಿಟ್ಟುಕೊಂಡೇ ಅಂಕ ಓದಿ.

ಎರಡನೆಯದು ಟೀಚರ್. ಸಂಬಳ ಸಮ ಇದೆಯೇ ಎಂದು ಕೇಳಿದರೆ "ಇದೆ" ಎನ್ನುತ್ತಾರೆ. ಅಲ್ಲಿಗೆ ನಿಲ್ಲಬೇಡಿ. ಸೇರುವಾಗಿನ ಸಂಬಳ ಮಾತ್ರ ಸಮವೋ, ಅನುಭವದ ವರ್ಷಗಳಿಗೂ ಸಮವೋ? ನ್ಯೂಯಾರ್ಕ್ ನಗರ 2014ರಲ್ಲಿ ಪ್ರಿ-ಕೆ ಫಾರ್ ಆಲ್ ಎಂಬ ಉಚಿತ ಪ್ರಿಸ್ಕೂಲ್ ಯೋಜನೆ ಶುರುಮಾಡಿ ಅರ್ಧಕ್ಕಿಂತ ಹೆಚ್ಚು ಸೀಟುಗಳನ್ನು ಸಮುದಾಯ ಸಂಸ್ಥೆಗಳಿಗೆ ಕೊಟ್ಟಿತು. ಸರ್ಟಿಫಿಕೇಟ್ ಇದ್ದ ಟೀಚರುಗಳು ಅಲ್ಲಿ ಒಂದೆರಡು ವರ್ಷ ಕಲಿತು ನಗರದ ಶಾಲೆಗಳಿಗೆ ಹೋಗತೊಡಗಿದರು. 2019ರಲ್ಲಿ ಒಪ್ಪಂದವಾಗಿ ಆರಂಭದ ಸಂಬಳ ಹಂತಹಂತವಾಗಿ ಸಮವಾಯಿತು. ಆದರೆ ಸೇವಾವಧಿ ಏರಿದಂತೆ ಶಾಲೆಯ ಟೀಚರ್ ಮೆಟ್ಟಿಲು ಹತ್ತುತ್ತಾರೆ, ಸಂಸ್ಥೆಯ ಟೀಚರ್ ಹಿಂದೆ ಉಳಿಯುತ್ತಾರೆ. ನಿಮ್ಮ ರಾಜ್ಯದಲ್ಲೂ ಡಿಸ್ಟ್ರಿಕ್ಟ್ ಟೀಚರಿಗೆ ಸರ್ಕಾರಿ ಪಿಂಚಣಿ ಇದೆ, ಸೆಂಟರ್ ಟೀಚರಿಗೆ ಅದು ಇಲ್ಲ. ಜೊತೆಗೆ ಸೆಂಟರಿನವರು ಬೇಸಿಗೆಯಲ್ಲೂ ದುಡಿಯುತ್ತಾರೆ. ವಾರ್ಷಿಕ ಸಂಬಳವನ್ನು ಕೆಲಸದ ದಿನಗಳಿಂದ ಭಾಗಿಸಿ, ಆರೋಗ್ಯ ವಿಮೆಗೆ ಕೈಯಿಂದ ಕಟ್ಟುವ ಹಣ ಕಳೆಯಿರಿ. ಆಗ ಬರುವ ಅಂಕಿಯನ್ನು ಹೋಲಿಸಿ.

ಇದಕ್ಕೆ ಸರಳ ದಾಖಲೆಯೊಂದಿದೆ. ಪ್ರತಿ ತರಗತಿಯ ಟೀಚರ್ ಹೆಸರಿನ ಪಟ್ಟಿಯನ್ನು ಸೆಪ್ಟೆಂಬರ್, ಜನವರಿ, ಜೂನ್, ಮತ್ತೆ ಮುಂದಿನ ಸೆಪ್ಟೆಂಬರಿಗೆ ತರಿಸಿಕೊಳ್ಳಿ. ಎಷ್ಟು ತರಗತಿಯಲ್ಲಿ ಹೆಸರು ಬದಲಾಯಿತು, ಎಷ್ಟು ದಿನ ಸಬ್‌ಸ್ಟಿಟ್ಯೂಟ್ ನಡೆಸಿದರು ಎಂದು ಎಣಿಸಿ. ನನ್ನನ್ನು ಕೇಳಿದರೆ ಯಾವ ಅಂಕಕ್ಕಿಂತಲೂ ಈ ಪಟ್ಟಿ ಹೆಚ್ಚು ಹೇಳುತ್ತದೆ.

ಮೂರನೆಯದು ಬೆಂಬಲ. ಟೀಚರುಗಳಿಗೆ ಕೈಹಿಡಿದು ಕಲಿಸುವ ಕೋಚ್ ಇರಬೇಕೆಂದು ನಿಮ್ಮ ರಾಜ್ಯದ ನಿಯಮವೇ ಹೇಳುತ್ತದೆ. ಆ ಕೋಚ್ ಡಿಸ್ಟ್ರಿಕ್ಟಿನ ನೌಕರ. ಶಾಲೆಯ ತರಗತಿ ಅವರ ಆಫೀಸಿನ ಪಕ್ಕದಲ್ಲೇ, ಸೆಂಟರ್ ಊರಾಚೆ. ಭೇಟಿಯ ಲಾಗ್ ತರಿಸಿ, ತಿಂಗಳಿಗೆ ಯಾವ ತರಗತಿಗೆ ಎಷ್ಟು ಸಲ, ಎಷ್ಟು ಹೊತ್ತು ಹೋಗಿದ್ದಾರೆ ನೋಡಿ. ಸೆಂಟರಿಗೆ ಹೋದಾಗ ಪಾಠ ನೋಡಿದರೋ, ಡೈರೆಕ್ಟರ್ ಜೊತೆ ಕಾಗದಪತ್ರ ನೋಡಿ ಬಂದರೋ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಕ್ರಿಯೇಟಿವ್ ಕರಿಕ್ಯುಲಮ್ ಆಗಲಿ, ಹೈಸ್ಕೋಪ್ ಆಗಲಿ, ಎರಡೂ ಕಡೆ ಒಂದೇ ಪಠ್ಯಕ್ರಮವಿದೆ ಎಂದು ಬರೆದಿದ್ದರೂ ತರಬೇತಿಯ ದಿನ ಸೆಂಟರ್ ಟೀಚರಿಗೆ ಬದಲಿ ಸಿಗದೆ ತರಬೇತಿಯೇ ತಪ್ಪಿಹೋಗುವುದು ಸಾಮಾನ್ಯ.

ತರಗತಿ ವೀಕ್ಷಣೆಗೆ ಇಕರ್ಸ್ ಆದರೆ ಒಂದು ಬೆಳಗಿನ ಮೂರು ಗಂಟೆ, ಟೀಚರ್ ಮತ್ತು ಮಕ್ಕಳ ಒಡನಾಟ ಅಳೆಯುವ 'ಕ್ಲಾಸ್' (CLASS) ಎಂಬ ಮಾಪನ ಆದರೆ 20 ನಿಮಿಷ ನೋಡಿ 10 ನಿಮಿಷ ಅಂಕ ಹಾಕುವ ನಾಲ್ಕು ಸುತ್ತು. ಕ್ಲಾಸ್‌ನಲ್ಲಿ ಮಮತೆ, ಶಿಸ್ತಿನ ಅಂಕಗಳು ಎಲ್ಲ ಕಡೆಯೂ ಚೆನ್ನಾಗಿ ಬರುತ್ತವೆ. ಬೋಧನೆಯ ಬೆಂಬಲದ ಅಂಕ ಎಲ್ಲ ಕಡೆಯೂ ಕೆಳಗೇ ಇರುತ್ತದೆ. ನೀರಿನ ತೊಟ್ಟಿಯ ಮುಂದೆ ಮಗು "ಮುಳುಗಿಹೋಯ್ತು!" ಎನ್ನುತ್ತದೆ. "ಹೌದಾ, ವೆರಿ ಗುಡ್" ಎಂದು ಟೀಚರ್ ಮುಂದೆ ಹೋದರೆ ಆ ಅಂಕ ಬೀಳುತ್ತದೆ. "ಯಾಕೆ ಮುಳುಗಿತು? ಈ ಬಿರಡೆ ಹಾಕಿದರೆ ಏನಾಗಬಹುದು?" ಎಂದು ಕೇಳಿ, ಉತ್ತರಕ್ಕೆ ಕಾದು, ಆ ಉತ್ತರದಿಂದಲೇ ಇನ್ನೊಂದು ಪ್ರಶ್ನೆ ಹುಟ್ಟಿಸಿದರೆ ಏರುತ್ತದೆ. ನಿಮ್ಮ ವರದಿಯಲ್ಲಿ ಈ ಒಂದು ಅಂಕವನ್ನು ಬೇರೆಯಾಗಿ ತೋರಿಸಿ, ಮೂರನ್ನೂ ಕೂಡಿಸಿ ಸರಾಸರಿ ಮಾಡಬೇಡಿ. ನೋಡುವವರಿಗೆ ತರಗತಿಯ ಪಟ್ಟಿಯನ್ನು ಬೆರೆಸಿ ಕೊಡಿ, ಒಬ್ಬರು ಶಾಲೆ ಮಾತ್ರ, ಇನ್ನೊಬ್ಬರು ಸೆಂಟರ್ ಮಾತ್ರ ನೋಡುವಂತಾಗಬಾರದು.

ಹಣದ ಮಾತು. ಸೆಂಟರ್ ಅಗ್ಗ ಎಂದು ಸಮಿತಿಯಲ್ಲಿ ಯಾರಾದರೂ ಹೇಳಿದರೆ ರಾಜ್ಯದ 2008ರ ಶಾಲಾ ಅನುದಾನ ಕಾಯ್ದೆ ತೋರಿಸಿ. ಅದರಲ್ಲಿ ಆರಂಭಕ್ಕೆ ಇಟ್ಟ ದರ: ಡಿಸ್ಟ್ರಿಕ್ಟ್ ತರಗತಿಯ ಮಗುವಿಗೆ 11,506 ಡಾಲರ್, ಖಾಸಗಿ ಸೆಂಟರಿನ ಮಗುವಿಗೆ 12,934, ಹೆಡ್ ಸ್ಟಾರ್ಟ್ ಮಗುವಿಗೆ 7,146. ಹೆಡ್ ಸ್ಟಾರ್ಟಿಗೆ ಕೇಂದ್ರದ ಹಣ ಬರುವುದರಿಂದ ಅಲ್ಲಿ ಕಡಿಮೆ. ಖಾಸಗಿ ಸೆಂಟರಿಗೆ ಬಾಡಿಗೆ, ಡೈರೆಕ್ಟರ್ ಸಂಬಳ, ವಿಮೆ, ಲೆಕ್ಕಪತ್ರ ಎಲ್ಲ ತನ್ನದೇ ಖರ್ಚು, ಶಾಲೆಯ ತರಗತಿಗೆ ಕಟ್ಟಡ ಮೊದಲೇ ಇದೆ. ಆಮೇಲೆ ದರಗಳು ಏರಿವೆ, ನಿಮ್ಮ ವರ್ಷದ ದರ ಡಿಸ್ಟ್ರಿಕ್ಟಿನ ಬಿಸಿನೆಸ್ ಆಫೀಸಿನಲ್ಲಿ ಸಿಗುತ್ತದೆ.

ದರಕ್ಕಿಂತ ಹಣ ಕೊಡುವ ರೀತಿ ಸೆಂಟರುಗಳನ್ನು ಹೆಚ್ಚು ಕಾಡುತ್ತದೆ. ಅದೇ ಹಳೆಯ ದರದಲ್ಲಿ ಲೆಕ್ಕ ಹಾಕಿ. 15 ಸೀಟು ತುಂಬಿದರೆ ತರಗತಿಗೆ 1,94,010 ಡಾಲರ್. ಸೆಪ್ಟೆಂಬರಿನಲ್ಲಿ 11 ಮಕ್ಕಳೇ ಬಂದು, ತಲೆಗೆ ಇಷ್ಟು ಎಂದು ಕೊಟ್ಟರೆ 1,42,274. ಟೀಚರ್, ಸಹಾಯಕಿ, ಬಾಡಿಗೆ ಮಾತ್ರ ಹದಿನೈದರ ಲೆಕ್ಕದ್ದೇ. ಆ 51,736 ಡಾಲರಿನ ತೂತು ಸಹಾಯಕಿಯ ಗಂಟೆ ಕತ್ತರಿಸಿ ಮುಚ್ಚಲ್ಪಡುತ್ತದೆ, ಇಲ್ಲವೇ ಟೀಚರ್ ಬಿಟ್ಟು ಹೋಗುತ್ತಾರೆ. ಖಾಲಿ ಸೀಟಿಗೆ ಕಾರಣವೂ ಹಲವು ಸಲ ಡಿಸ್ಟ್ರಿಕ್ಟೇ: ನೋಂದಣಿಗೆ ಬಂದ ಪೋಷಕರನ್ನು ಮೊದಲು ಶಾಲೆಯ ಕೋಣೆಗಳಿಗೆ ತುಂಬಿ, ಉಳಿದವರನ್ನು ಸೆಂಟರಿಗೆ ಕಳಿಸುವ ರೂಢಿ. ಹಾಗಾಗಿ ನೋಂದಣಿ ಕೌಂಟರಿನಲ್ಲಿ ಪೋಷಕರಿಗೆ ಯಾವ ಪಟ್ಟಿ ತೋರಿಸುತ್ತಾರೆ, ಯಾವ ಕ್ರಮದಲ್ಲಿ ಎಂಬುದನ್ನೂ ನಿಮ್ಮ ಪರಿಶೀಲನೆಗೆ ಸೇರಿಸಿ.

ಹಾಗಾದರೆ ಯಾರಿಗೆ ಕೊಡಬೇಕು? ನನ್ನ ಅಭಿಪ್ರಾಯ ಸ್ಪಷ್ಟ: ಇಬ್ಬರಿಗೂ, ಒಂದೇ ಷರತ್ತಿನಲ್ಲಿ. ವೆಸ್ಟ್ ವರ್ಜೀನಿಯಾ ಕನಿಷ್ಠ ಅರ್ಧ ತರಗತಿಗಳು ಸಮುದಾಯ ಸಂಸ್ಥೆಗಳ ಸಹಭಾಗಿತ್ವದಲ್ಲೇ ನಡೆಯಬೇಕೆಂದು ನಿಯಮ ಮಾಡಿದೆ. ಒಕ್ಲಹೋಮ 1998ರಿಂದ ಬಹುಪಾಲು ಶಾಲೆಗಳ ಮೂಲಕ ನಡೆಸುತ್ತಿದೆ. ಎರಡೂ ದಾರಿ ನಡೆದಿವೆ. ಆದರೆ ಶಾಲೆಯಲ್ಲೇ ಎಲ್ಲವನ್ನೂ ಇಟ್ಟುಕೊಂಡರೆ ಊರಿನ ಸೆಂಟರುಗಳಿಂದ 3–4 ವರ್ಷದ ಮಕ್ಕಳೆಲ್ಲ ಎದ್ದುಹೋಗುತ್ತಾರೆ. ಕೈಗೂಸುಗಳ ಕೋಣೆಯಲ್ಲಿ ಆಗುವ ನಷ್ಟವನ್ನು ಸೆಂಟರ್ ತುಂಬಿಕೊಳ್ಳುವುದು ಈ ದೊಡ್ಡ ಮಕ್ಕಳ ಫೀಸಿನಿಂದ, ಅಲ್ಲಿ ಒಬ್ಬ ಟೀಚರ್ ಹೆಚ್ಚು ಮಕ್ಕಳನ್ನು ನೋಡಬಹುದಲ್ಲ. ಅದು ಹೋದರೆ ಎರಡು ವರ್ಷದೊಳಗಿನ ಮಕ್ಕಳಿಗೆ ಊರಲ್ಲಿ ಜಾಗವೇ ಇಲ್ಲದಂತಾಗುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದ ವರದಿಯನ್ನು ನಾನು ಒಪ್ಪುವುದಿಲ್ಲ.

ಕರಾರಿನಲ್ಲಿ ಇವು ಬರಹದಲ್ಲಿರಲಿ: ಹಣ ತರಗತಿ ಲೆಕ್ಕದಲ್ಲಿ, ತಿಂಗಳ ಮೊದಲೇ ಬರಬೇಕು. ಸಂಬಳ ಡಿಸ್ಟ್ರಿಕ್ಟಿನ ಪಟ್ಟಿಯಂತೆ, ಅನುಭವದ ಮೆಟ್ಟಿಲೂ ಸೇರಿ. ಕೋಚ್ ಭೇಟಿ ಎರಡೂ ಕಡೆ ಸಮ. ನೋಂದಣಿ ಪಟ್ಟಿ ಒಂದೇ. ಇನ್ನೊಂದು, ಬಹಳ ಜನ ಮರೆಯುವಂಥದ್ದು: ವಿಶೇಷ ಅಗತ್ಯವಿರುವ ಮಗುವಿಗೆ ಐಇಪಿ (ಆ ಮಗುವಿಗೆಂದೇ ಮಾಡುವ ಶಿಕ್ಷಣ ಯೋಜನೆ) ಬರೆದ ಕೂಡಲೇ ಅದನ್ನು ಸೆಂಟರಿನಿಂದ ಎಬ್ಬಿಸಿ ಶಾಲೆಯ ತರಗತಿಗೆ ಹಾಕುವುದನ್ನು ನಿಲ್ಲಿಸಿ. ಮಾತಿನ ಥೆರಪಿಸ್ಟ್ ಸೆಂಟರಿಗೆ ಬರಲಿ. ಆ ಸೇವೆಯ ಹೊಣೆ ಹೇಗಿದ್ದರೂ ಡಿಸ್ಟ್ರಿಕ್ಟಿನದೇ, ಮಗು ಎಲ್ಲಿ ಕೂತಿದ್ದರೂ ಅದು ಡಿಸ್ಟ್ರಿಕ್ಟಿನ ಮಗು.