ಮೈದಾನಕ್ಕೆ ಬಾರದ ಶಾರ್ಟ್‌ಸ್ಟಾಪ್

ಬದಿಯಡ್ಕದ ಕ್ಯಾಚರ್ ಅವರಿಗೆ,

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅತ್ತೆ, ಆಸ್ತಿ, ಮದುವೆ ಇವೇ ಜಾಸ್ತಿ. ಬೇಸ್‌ಬಾಲ್ ಅಪರೂಪ. ಆದರೆ ನಿಮ್ಮ ಪತ್ರ ಓದುತ್ತಾ ಓದುತ್ತಾ ನನಗೆ ಮೈ ಉರಿಯಿತು. ಯಾಕೆ ಅಂತ ಹೇಳುವ ಮೊದಲು ಬೇರೆ ಓದುಗರಿಗಾಗಿ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ.

ನಿಮ್ಮ ಕಾಲೇಜು ತಂಡದಲ್ಲಿ ನೀವು ಕ್ಯಾಚರ್, ಬ್ಯಾಟ್ ಬೀಸುವವನ ಹಿಂದೆ ಕೂತು ಚೆಂಡು ಹಿಡಿಯುವವರು. ಚೆಂಡು ಎಸೆಯುವ ಪಿಚರ್ ಉಪ್ಪಳದ ಕಡೆಯವನು, ನಿಮ್ಮ ಆಪ್ತ ಗೆಳೆಯ. ಅವನ ಎಸೆತಕ್ಕೆ ಬ್ಯಾಟ್ ತಾಗಿಸುವುದೇ ಕಷ್ಟ. ಆದರೆ ತಂಡದವರ ಕೈಯಿಂದ ಒಂದು ಚೆಂಡು ತಪ್ಪಿದರೆ ಸಾಕು, ಗ್ಲೌ ನೆಲಕ್ಕೆ ಬಡಿದು ತುಳುವಿನಲ್ಲಿ ಬೈಗುಳ ಶುರು. ಅಂಪೈರಿಗೆ ತುಳು ಬಾರದ್ದು ಪುಣ್ಯ ಅಂತ ನೀವೇ ಬರೆದಿದ್ದೀರಿ. ಬುದ್ಧಿ ಹೇಳಿದರೆ ಮಾತು ಬಿಡುತ್ತಾನೆ. ಕೋಚ್ ಮಾತ್ರ "ದೊಡ್ಡ ಪಿಚರ್‌ಗಳೆಲ್ಲ ಸಿಟ್ಟಿನವರೇ" ಅಂತ ನಕ್ಕು ಬಿಡುತ್ತಾರೆ. ತಂಡದಲ್ಲಿ ಇನ್ನೊಬ್ಬ ಪಿಚರ್ ಇಲ್ಲ. ಪ್ರತಿ ಪಂದ್ಯವೂ ಅವನ ತಲೆಗೇ. ಈಗೀಗ ರಾತ್ರಿ ಮೊಣಕೈಗೆ ಐಸ್ ಇಟ್ಟುಕೊಂಡು ಮಲಗುತ್ತಾನೆ. ಸ್ನೇಹ ಉಳಿಸಲೋ, ತಂಡ ಉಳಿಸಲೋ ಅನ್ನುವುದು ನಿಮ್ಮ ಪ್ರಶ್ನೆ.

ಪತ್ರದ ಮೂರನೇ ಪುಟದಲ್ಲಿ, ಸಂಜೆಯ ಬಸ್ಸಿನ ಕಷ್ಟ ಹೇಳಿಕೊಳ್ಳುವ ಮೊದಲು ಒಂದು ಸಾಲು ಇದೆ. "ಕಳೆದ ಪಂದ್ಯದಿಂದ ನಮ್ಮ ಶಾರ್ಟ್‌ಸ್ಟಾಪ್ ಬರುತ್ತಿಲ್ಲ, ಅವನ ಜಾಗಕ್ಕೆ ಬೇರೆಯವನನ್ನು ಹಾಕಿದ್ದೇವೆ." ಅಷ್ಟೇ. ಶಾರ್ಟ್‌ಸ್ಟಾಪ್ ಅಂದರೆ ಪಿಚರ್ ಹಿಂದೆ ನಿಂತು ಚೆಂಡು ಹಿಡಿಯುವ ಫೀಲ್ಡರ್‌ಗಳಲ್ಲಿ ಒಬ್ಬ. ಅವನು ಮೊದಲ ವರ್ಷದ ಹುಡುಗ ಅನ್ನುವುದು ಬೇರೆಲ್ಲೋ ಇದೆ. ನಿಮ್ಮ ಗೆಳೆಯ ಅವನನ್ನು ಎಲ್ಲರೆದುರು ಬೈದ ಸಂಗತಿ ಇನ್ನೆಲ್ಲೋ ಇದೆ. ಮೂರನ್ನೂ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಈ ಅಂಕಣ ಓದುವವರಿಗೆ ನನ್ನ ಹಳೇ ರಾಗ ಗೊತ್ತು. ಕೂಗಾಡುವವರ ಬಗ್ಗೆ ರಾಶಿ ಪತ್ರ ಬರುತ್ತದೆ. ಸುಮ್ನೆ ಎದ್ದು ಹೋದವರ ಬಗ್ಗೆ ಯಾರೂ ಬರೆಯುವುದಿಲ್ಲ.

ಆ ಹುಡುಗ ಮಾಡಿದ ಮಹಾಪರಾಧ ಏನು? ನಿಮ್ಮ ಮೈದಾನ ಮುರಕಲ್ಲಿನ ಪದವು, ಕೆಂಪು ಕಲ್ಲಿನ ಬಯಲು. ಎಷ್ಟು ಮಣ್ಣು ಹಾಕಿದರೂ ಒಂದು ಮಳೆಗಾಲ ಕಳೆದರೆ ಕಲ್ಲು ತಲೆ ಎತ್ತುತ್ತದೆ, ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆಲ ಸವರಿಕೊಂಡು ಬಂದ ಚೆಂಡು ಕಲ್ಲಿಗೆ ತಾಗಿ ಅವನ ಭುಜದ ಮೇಲಿಂದ ಹಾರಿತು, ಒಂದು ರನ್ ಹೋಯಿತು. ಬೇಸ್‌ಬಾಲಿನಲ್ಲಿ ಸ್ಕೋರು ಬರೆಯುವುದಕ್ಕೆ ಚಂದದ ನಿಯಮ ಇದೆ. ಸಾಮಾನ್ಯ ಪ್ರಯತ್ನದಲ್ಲಿ ಸಿಗಬೇಕಿದ್ದ ಚೆಂಡು ಬಿಟ್ಟರೆ ಮಾತ್ರ ಫೀಲ್ಡರ್ ಹೆಸರಿಗೆ ಎರರ್ ಬರೆಯುತ್ತಾರೆ. ಆ ಎರರ್‌ನಿಂದಲೇ ಬಂದ ರನ್ ಪಿಚರ್‌ನ ಸರಾಸರಿಗೆ (ಅವನು ಬಿಟ್ಟುಕೊಟ್ಟ ರನ್ನುಗಳ ಲೆಕ್ಕಕ್ಕೆ) ಸೇರುವುದಿಲ್ಲ. ಕಲ್ಲಿಗೆ ತಾಗಿ ದಿಕ್ಕು ತಪ್ಪಿದ ಚೆಂಡು ಎರರ್ ಅಲ್ಲವೇ ಅಲ್ಲ, ಅದು ಬ್ಯಾಟ್ ಬೀಸಿದವನ ಹಿಟ್, ಅವನದೇ ಗಳಿಕೆ. ಅಂದರೆ ಹುಡುಗನ ತಪ್ಪಾಗಿದ್ದರೆ ರನ್ ನಿಮ್ಮ ಗೆಳೆಯನ ಖಾತೆಗೆ ಬರುವುದಿಲ್ಲ. ಗೆಳೆಯನ ಖಾತೆಗೆ ಬಂದಿದ್ದರೆ ಹುಡುಗನ ತಪ್ಪಿಲ್ಲ. ಎರಡರಲ್ಲಿ ಯಾವುದಕ್ಕೆ ಬೈದ ಅಂತ ಅವನನ್ನು ಒಮ್ಮೆ ಕೇಳಿ ನೋಡಿ.

ಗೆಳೆಯ ಚೆಂಡನ್ನು ತುಂಬ ಕೆಳಗೆ ಎಸೆಯುತ್ತಾನೆ ಅಂತ ಹೊಗಳಿದ್ದೀರಿ. ಕೆಳಗೆ ಬಂದ ಚೆಂಡಿಗೆ ಬೀಸಿದರೆ ಅದು ಹೆಚ್ಚಾಗಿ ನೆಲದ ಮೇಲೆ ಓಡುತ್ತದೆ. ಬಲಗೈಯವನು ಬೀಸಿದ್ದಾದರೆ ಎರಡನೇ ಬೇಸ್ ಮತ್ತು ಮೂರನೇ ಬೇಸ್ (ಓಡುವವರು ಮುಟ್ಟಬೇಕಾದ ಗುರುತುಗಳು) ನಡುವೆ ನಿಂತ ಶಾರ್ಟ್‌ಸ್ಟಾಪ್ ಕಡೆಗೇ ಜಾಸ್ತಿ. ಯಾರು ಹಿಡಿದರೆ ತನ್ನ ಎಸೆತಕ್ಕೆ ಬೆಲೆಯೋ ಅವನನ್ನೇ ಓಡಿಸಿ ಕೂತಿದ್ದಾನೆ ನಿಮ್ಮ ಪ್ರತಿಭಾವಂತ. ಭಾಗವತರು ರಂಗದಲ್ಲೇ ಚೆಂಡೆಯವರನ್ನು ಬೈದು ಕಳಿಸಿದರೆ ಆಮೇಲೆ ಪದ ಹೇಳುವುದು ಯಾರ ಜೊತೆ?

ಇಷ್ಟಾದರೂ ನನ್ನ ಸಿಟ್ಟಿನ ದೊಡ್ಡ ಪಾಲು ಕೋಚ್‌ಗೆ. ದೊಡ್ಡ ಪಿಚರ್‌ಗಳೆಲ್ಲ ಸಿಟ್ಟಿನವರಂತೆ! ಲೆಫ್ಟಿ ಗ್ರೋವ್ ಕಥೆಯನ್ನು ಅವರಿಗೆ ಪೂರ್ತಿ ಹೇಳಿ. ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡದ ಎಡಗೈ ಪಿಚರ್, ಆಟ ಬಿಡುವಷ್ಟರಲ್ಲಿ 300 ಗೆಲುವು ಕಂಡವನು. ಸಿಟ್ಟಿಗೂ ಅಷ್ಟೇ ಹೆಸರುವಾಸಿ. 1931ರಲ್ಲಿ ಸತತ 16 ಪಂದ್ಯ ಗೆದ್ದಿದ್ದ. ಇನ್ನೊಂದು ಗೆದ್ದರೆ ಅಮೆರಿಕನ್ ಲೀಗಿನಲ್ಲಿ ಹೊಸ ದಾಖಲೆ. ಆ ದಿನ ತಂಡದ ಸ್ಟಾರ್ ಅಲ್ ಸಿಮನ್ಸ್ ಗೈರು. ಅವನ ಜಾಗದಲ್ಲಿ ನಿಂತ ಜಿಮ್ ಮೂರ್ ಎತ್ತರಕ್ಕೆ ಹಾರಿದ ಚೆಂಡೊಂದರ ಅಂದಾಜು ತಪ್ಪಿದ. ಪಂದ್ಯ 1-0ಯಿಂದ ಹೋಯಿತು. ಗ್ರೋವ್ ಡ್ರೆಸ್ಸಿಂಗ್ ರೂಮನ್ನು ಪುಡಿಗಟ್ಟಿದ. (ಒಂದೂ ರನ್ ಹೊಡೆಯದ ತಂಡ ಗೆಲ್ಲುವುದು ಹೇಗೆ ಅನ್ನುವುದು ಬೇರೆ ಮಾತು.) ಆದರೆ ಅವನು ವರ್ಷಗಟ್ಟಲೆ ದೂರಿದ್ದು ರಜೆ ಹಾಕಿದ ಸಿಮನ್ಸ್‌ನನ್ನು, ಚೆಂಡು ಬಿಟ್ಟ ಮೂರ್‌ನನ್ನಲ್ಲ. ದೊಡ್ಡವರ ಸಿಟ್ಟನ್ನು ನಕಲು ಮಾಡುವವರು ಇದನ್ನೂ ನಕಲು ಮಾಡಬಹುದಲ್ವಾ?

ಎರಡನೇ ಪಿಚರ್‌ನನ್ನು ತಯಾರು ಮಾಡದ್ದೂ ಕೋಚ್‌ನ ಸೋಮಾರಿತನವೇ. ಅಮೆರಿಕದ ದೊಡ್ಡ ಲೀಗಿನಲ್ಲಿ ಪಂದ್ಯ ಆರಂಭಿಸುವ ಪಿಚರ್‌ಗೆ ಮುಂದಿನ ಸರದಿಗೆ ಮೊದಲು ಸಾಮಾನ್ಯವಾಗಿ ನಾಲ್ಕೈದು ದಿನ ಬಿಡುವು ಕೊಡುತ್ತಾರೆ. ನಿಮ್ಮಲ್ಲಿ ನೋಯುವ ಮೊಣಕೈಯನ್ನೇ ಮತ್ತೆ ಮತ್ತೆ ದುಡಿಸುತ್ತಿದ್ದೀರಿ. ನೋವಿರುವವನು ಸಿಡುಕುತ್ತಾನೆ. ಅಷ್ಟರ ಮಟ್ಟಿಗೆ ನಿಮ್ಮ ಗೆಳೆಯನ ಮೇಲೆ ನನಗೆ ಕನಿಕರ ಇದೆ, ಅದಕ್ಕಿಂತ ಜಾಸ್ತಿ ಕೇಳಬೇಡಿ. ಕೈಯನ್ನು ಡಾಕ್ಟರಿಗೆ ತೋರಿಸಲಿ.

ಇನ್ನು ನೀವು. ಅಂಪೈರ್ ಹತ್ತಿರ ಟೈಮ್ ಕೇಳಿ ಪಿಚರ್ ನಿಂತ ದಿಬ್ಬದವರೆಗೆ ನಡೆದು ಹೋಗಿ ಮಾತಾಡಲು ಕ್ಯಾಚರ್‌ಗೆ ಅವಕಾಶ ಇದೆ. 60 ಅಡಿ ಚಿಲ್ಲರೆ ದೂರ. ಹುಡುಗ ಬೈಗುಳ ತಿನ್ನುವಾಗ "ನಾನು ಮಾಸ್ಕ್ ಹಾಕಿಕೊಂಡು ಕೂತೇ ಇದ್ದೆ" ಅಂತ ಬರೆದಿದ್ದೀರಿ. ಪ್ರಾಮಾಣಿಕವಾಗಿ ಬರೆದಿದ್ದೀರಲ್ಲ, ಹಾಗಾಗಿ ಬೈಯುವುದಿಲ್ಲ.

ನೀವು ಮಾಡಬೇಕಾದ್ದು ಒಂದೇ. ಈ ಭಾನುವಾರ ಆ ಹುಡುಗನ ಮನೆಗೆ ಹೋಗಿ. ಮುಳ್ಳೇರಿಯ ದಾಟಿ ಒಳಗೆ ಅಂತ ನಿಮಗೆ ಗೊತ್ತಿದೆ, ಬಸ್ಸಿನ ಟೈಮೂ ಗೊತ್ತಿದೆ. ಫೋನ್ ಬೇಡ, ಮೆಸೇಜ್ ಬೇಡವೇ ಬೇಡ. ಕೋಚ್‌ನನ್ನು ಕರೆದುಕೊಂಡು ಹೋಗಬೇಡಿ, "ಸ್ಪೋರ್ಟಿವ್ ಆಗಿ ತೆಗೊಳ್ಳೋ" ಅಂತ ಶುರುಮಾಡಿ ಎಲ್ಲ ಕೆಡಿಸುತ್ತಾರೆ. ಗೆಳೆಯನನ್ನೂ ಎಳೆದುಕೊಂಡು ಹೋಗಬೇಡಿ, ಬಲವಂತದ ಸಾರಿ ಯಾರಿಗೂ ಬೇಡ. ಅವರ ಮನೆಯಲ್ಲಿ ಕೊಟ್ಟ ಚಹಾ ಕುಡಿಯಿರಿ. ಆ ದಿನ ನಾನು ಎದ್ದು ಬರಬೇಕಿತ್ತು, ಬರಲಿಲ್ಲ ಅಂತ ಹೇಳಿ. ಆಮೇಲೆ, ಪಿಚ್ ಮಾಡುವುದು ಕಲಿಯುತ್ತೀಯಾ ಅಂತ ಕೇಳಿ. ಶಾರ್ಟ್‌ಸ್ಟಾಪ್ ಜಾಗದಿಂದ ಮೊದಲ ಬೇಸ್‌ಗೆ ಎಸೆಯುವವನಿಗೆ ತೋಳಿನಲ್ಲಿ ಜೋರು ಇರಲೇಬೇಕು. ನಿಮಗೂ ಇನ್ನೊಬ್ಬ ಪಿಚರ್ ಬೇಕು. ಅವನು ಬರುವುದಿಲ್ಲ ಅಂದರೆ ಒತ್ತಾಯ ಮಾಡದೆ ಎದ್ದು ಬನ್ನಿ, ಹೋದದ್ದು ಹೋದದ್ದೇ ಆಯಿತು.

ಇದು ಗೊತ್ತಾಗಿ ಗೆಳೆಯ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಒಂದೆರಡು ಪಂದ್ಯ ಬೆಂಚಿನ ಮೇಲೆ ಕೂತರೆ ಮೊಣಕೈಗೂ ರಜೆ ಸಿಗುತ್ತದೆ.