ಕಿಟಕಿಯಾಚೆ ಹಕ್ಕಿ, ಅಳಿಲು ನೋಡುತ್ತಾ ಕೂತರೆ ಮನಸ್ಸು ಯಾಕೆ ಹಗುರಾಗುತ್ತದೆ?

ಗಮನ ಕೊಡೋಕೆ ಅಲ್ಲಿ ನೀವು ಕಷ್ಟಪಡಬೇಕಿಲ್ಲ, ಅದಕ್ಕೇ. ಲೆಕ್ಕಪತ್ರ ನೋಡುವಾಗ ಮಿದುಳು ಬೇಡದ್ದನ್ನೆಲ್ಲ ಪಕ್ಕಕ್ಕೆ ತಳ್ಳಿ ಒಂದೇ ಕಡೆ ಗಮನ ಹಿಡಿದಿಡಬೇಕು. ದಣಿಯುವುದು ಈ ಹಿಡಿತ. ದಾಸವಾಳಕ್ಕೆ ಸೂರಕ್ಕಿ ಬಂದಾಗ ಹಾಗಲ್ಲ. ಅದು ರೆಂಬೆಗೆ ಜೋತುಬಿದ್ದು ಹೂವಿನ ಬುಡಕ್ಕೇ ಕೊಕ್ಕು ಚುಚ್ಚಿ ಮಕರಂದ ಹೀರುತ್ತದೆ. ಕಣ್ಣು ತಾನಾಗೇ ಅತ್ತ ಹೋಗುತ್ತದೆ, ದಣಿದ ಗಮನಕ್ಕೆ ಅಷ್ಟು ಹೊತ್ತು ಬಿಡುವು. ಅಮೆರಿಕದ ಮನಃಶಾಸ್ತ್ರಜ್ಞ ದಂಪತಿ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ಕೊಟ್ಟ ವಿವರಣೆ ಇದು.

ಹೊರಗೆ ಹೋಗದೆ ಕಿಟಕಿಯೊಂದೇ ಸಾಕಾ? ಸ್ವಲ್ಪ ಮಟ್ಟಿಗೆ ಸಾಕು. ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಆಪರೇಷನ್ ಆದವರ ಪೈಕಿ, ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು. ಅವರಿಗೆ ನೋವಿಗೆ ಕೊಡುವ ಜೋರು ಔಷಧಿಯೂ ಕಮ್ಮಿ ಸಾಕಾಯಿತು. ಆದರೆ ನೋಡಿದ್ದು 46 ರೋಗಿಗಳನ್ನಷ್ಟೇ. ಹಾಗಾಗಿ ಇದನ್ನೇ ಚಿಕಿತ್ಸೆ ಅಂದುಕೊಳ್ಳಬೇಡಿ.

ಹಕ್ಕಿ ಬರಲಿ ಅಂತ ಕಾಳು ಸುರಿಯುವುದೂ ಬೇಡ. ನಗರದಲ್ಲಾದರೆ ಬರೀ ಪಾರಿವಾಳ ತುಂಬಿಕೊಳ್ಳುತ್ತವೆ, ಆಮೇಲೆ ಅವುಗಳ ಹಿಕ್ಕೆ ತೊಳೆಯುವುದೇ ಕೆಲಸ! ಕುಂಡದಲ್ಲಿ ಒಂದು ದಾಸವಾಳ, ಪಕ್ಕದಲ್ಲಿ ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರು ಇಡಿ. ನೀರು ದಿನಾ ಬದಲಿಸಿ, ಸೊಳ್ಳೆ ಆಗದ ಹಾಗೆ.