ಹಿಮದ ಲೆಕ್ಕ ಹಾಕುವ ಕಂಪ್ಯೂಟರನ್ನು ಎಷ್ಟು ನಂಬಬಹುದು?

ಕೆಲಸ ಸಿಕ್ಕಿ ಸ್ವಿಟ್ಜರ್ಲೆಂಡ್‌ನ ದಾವೋಸ್‌ಗೆ ಬರುತ್ತಿದ್ದೀರಿ, ಖುಷಿಯಾಯಿತು. ಮನೆ, ವಿಮೆ, ರೈಲು ಪಾಸ್ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಯೇ ಮುಖ್ಯ: 'ಹಿಮಕುಸಿತವನ್ನು ಈಗ ಕಂಪ್ಯೂಟರೇ ಹೇಳುತ್ತದಂತೆ. ಹಾಗಾದರೆ ಆ್ಯಪ್ ನೋಡಿಕೊಂಡು ಮೊದಲ ಚಳಿಗಾಲದಲ್ಲೇ ಸ್ಕೀ ಹಾಕಿಕೊಂಡು ಬೆಟ್ಟಕ್ಕೆ ಹೋಗಬಹುದಾ?'

ಕಂಪ್ಯೂಟರ್ ಹೇಳುವುದು ನಿಜ. ಆದರೆ ಅದು ಹೇಳುವುದು ಮುನ್ಸೂಚನೆ ಬರೆಯುವವರಿಗೆ, ನಿಮಗಲ್ಲ.

ದಾವೋಸ್‌ನಲ್ಲೇ ಇರುವ, ಹಿಮ ಮತ್ತು ಹಿಮಕುಸಿತದ ಸಂಶೋಧನೆ ಮಾಡುವ ಎಸ್‌ಎಲ್‌ಎಫ್ ಸಂಸ್ಥೆ 'ಸ್ನೋಪ್ಯಾಕ್' ಎಂಬ ಕಂಪ್ಯೂಟರ್ ಮಾಡೆಲ್ ಕಟ್ಟಿದೆ. ಬೆಟ್ಟಗಳ ಮೇಲಿನ ಯಂತ್ರಗಳು ಹಿಮದ ಎತ್ತರ, ಗಾಳಿ, ತಾಪಮಾನ ಅಳೆದು ಕಳಿಸುತ್ತವೆ. ಚಳಿಗಾಲದ ಶುರುವಿನಿಂದ ಹಿಮ ಪದರ ಪದರವಾಗಿ ಹೇಗೆ ಕೂತಿತು, ಒಳಗೆ ಹೇಗೆ ಬದಲಾಯಿತು ಅಂತ ಮಾಡೆಲ್ ಲೆಕ್ಕ ಹಾಕುತ್ತದೆ.

ಇದು ಯಾಕೆ ಬೇಕು ಅಂದರೆ, ಅಪಾಯ ಎಷ್ಟೋ ಸಲ ಅಡಿಯಲ್ಲಿ ಇರುತ್ತದೆ. ನವೆಂಬರ್‌ನಲ್ಲಿ ತೆಳ್ಳಗೆ ಹಿಮ ಬಿತ್ತು ಅಂದುಕೊಳ್ಳಿ. ನೆಲದ ಹತ್ತಿರ 0 ಡಿಗ್ರಿ, ಮೇಲೆ ಮೈನಸ್ 15. ಈ ವ್ಯತ್ಯಾಸಕ್ಕೆ ಹಿಮದೊಳಗಿನ ಆವಿ ಮೇಲಕ್ಕೆ ಹೋಗುತ್ತದೆ, ಹರಳುಗಳು ದಪ್ಪಗಾಗುತ್ತವೆ, ಒಂದಕ್ಕೊಂದು ಅಂಟದೆ ಸಕ್ಕರೆಯ ಹಾಗೆ ಉದುರುತ್ತವೆ. ಜನವರಿಯಲ್ಲಿ ಗಾಳಿ ತಂದ ಹಿಮ ಅದರ ಮೇಲೆ ಹಲಗೆಯಾಗಿ ಕೂರುತ್ತದೆ. ಸ್ಕೀ ಮಾಡುವ ಒಬ್ಬರ ಭಾರ ಸಾಕು, ಅಡಿಯ ಪದರ ಕುಸಿದು ಹಲಗೆಯೇ ಜಾರುತ್ತದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗುಂಡಿ ತೋಡಿ ನೋಡಬೇಕು, ಆದರೆ ಎಷ್ಟು ಕಡೆ ತೋಡುವುದು? ಅಪಾಯ ಜಾಸ್ತಿ ಇರುವ ದಿನ ಅಲ್ಲಿಗೆ ಹೋಗುವುದೇ ಕಷ್ಟ, ಅಲ್ವಾ? ಆ ಕೊರತೆಯನ್ನು ಮಾಡೆಲ್ ಸ್ವಲ್ಪ ತುಂಬುತ್ತದೆ.

ಸ್ವಲ್ಪ ಅಷ್ಟೇ. ಅಳೆಯುವ ಯಂತ್ರಗಳು ಸಾಮಾನ್ಯವಾಗಿ ಸಮತಟ್ಟು ಜಾಗದಲ್ಲಿರುತ್ತವೆ. ಇಳಿಜಾರಿಗೆ ಬಂದರೆ ನಾಲ್ಕು ದಿಕ್ಕಿಗೆ 38 ಡಿಗ್ರಿಯ ಕಾಲ್ಪನಿಕ ಇಳಿಜಾರು ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ. ನಿಮ್ಮ ಮುಂದಿರುವ ಕೊರಕಲಿನಲ್ಲಿ ನಿನ್ನೆಯ ಗಾಳಿ ಎಷ್ಟು ಹಿಮ ತುಂಬಿಸಿತು ಅಂತ ಮಾಡೆಲ್‌ಗೆ ತಿಳಿಯದು. ಹಾಗಾಗಿ ತಜ್ಞರು ಗುಂಡಿ ತೋಡಿದವರ ವರದಿ, ಕಣ್ಣಿಗೆ ಬಿದ್ದ ಕುಸಿತಗಳು, ಎಲ್ಲದರ ಜೊತೆ ಇಟ್ಟು ಅದನ್ನು ತೂಗುತ್ತಾರೆ. ಮಾಡೆಲ್ ಸುಮ್ನೆ ಇನ್ನೊಬ್ಬ ಸಹೋದ್ಯೋಗಿಯ ಅಭಿಪ್ರಾಯ ಇದ್ದಂತೆ. ನನಗೂ ಇದೇ ಸರಿ ಅನ್ನಿಸುತ್ತದೆ.

ಚಳಿಗಾಲದಲ್ಲಿ ಸಂಜೆ 5ಕ್ಕೆ ಈ ತಜ್ಞರ ಹಿಮಕುಸಿತ ಬುಲೆಟಿನ್ ಬರುತ್ತದೆ, ಬೆಳಿಗ್ಗೆ 8ಕ್ಕೆ ಹೊಸದು. ಬರೀ ಅಪಾಯದ ಮಟ್ಟ ಹೇಳುವ 1ರಿಂದ 5ರ ಅಂಕಿ ನೋಡಬೇಡಿ. 3 ಅಂದರೆ ನಡುವಿನದು ಅನ್ನಿಸುತ್ತದೆ, ಆದರೆ ಸಾವುಗಳಲ್ಲಿ ಸುಮಾರು ಅರ್ಧ ಆ ಹಂತದ ದಿನಗಳಲ್ಲೇ ಆಗುತ್ತವೆ. ಯಾವ ದಿಕ್ಕಿನ ಇಳಿಜಾರು, ಎಷ್ಟು ಎತ್ತರದ ಮೇಲೆ, ಹೊಸ ಹಿಮದ ತೊಂದರೆಯೋ ಹಳೇ ಪದರದ್ದೋ ಅಂತ ಓದಿ.

ಈ ವರ್ಷ ಗುರುತು ಹಾಕಿದ, ತೆರೆದಿರುವ ದಾರಿಗಳಲ್ಲೇ ಸ್ಕೀ ಮಾಡಿ. ಆಚೆ ಹೋಗುವ ಆಸೆ ಇದ್ದರೆ ಮೊದಲು ಹಿಮಕುಸಿತದ ಕೋರ್ಸ್ ಸೇರಿ. ಆಮೇಲೆ ಹೋಗುವಾಗ ಪ್ರತಿಯೊಬ್ಬರ ಹತ್ತಿರವೂ ಹೂತವರನ್ನು ಸಿಗ್ನಲ್ ಹಿಡಿದು ಹುಡುಕುವ ಬೀಪರ್, ಹಿಮದೊಳಗೆ ಚುಚ್ಚಿ ನೋಡುವ ಉದ್ದದ ಕೋಲು, ಸಲಿಕೆ ಇರಬೇಕು. ಹೂತವರನ್ನು ಮೊದಲ 10 ನಿಮಿಷದಲ್ಲಿ ತೆಗೆದರೆ ಬದುಕುವ ಸಾಧ್ಯತೆ ಹೆಚ್ಚು. ಅಷ್ಟರಲ್ಲಿ ಹೆಲಿಕಾಪ್ಟರ್ ಬರುವುದು ಅಪರೂಪ, ಅಗೆಯಬೇಕಾದವರು ಜೊತೆಗಿರುವವರೇ.